ಗಾಜಿನ ಕೊಳದಲ್ಲಿ ಮತ್ಸ್ಯನ್ಯಾಯ

ಶತಪಥಬ್ರಾಹ್ಮಣದಲ್ಲಿ ಮನುವಿನ ಮತ್ತು ಮೀನಿನ ಉಪಾಖ್ಯಾನವೊಂದು ಬರುತ್ತದೆ. ಬೆಳಗ್ಗೆ ಕೈ ತೊಳೆಯಲು ತಂದ ನೀರಿನೊಡನೆ ಒಂದು ಮರಿಮೀನು ಮನುವಿನ ಅಂಗೈಗೆ ಬಂದು, ತನ್ನನ್ನು ಸಾಕಬೇಕೆಂದು ಬೇಡಿಕೊಂಡಿತಂತೆ. ಸಣ್ಣವರಾಗಿರುವಷ್ಟು ಕಾಲ ತಮಗೆ ಅಪಾಯ ಬಹಳ, ಮೀನನ್ನು ಮೀನೇ ನುಂಗುತ್ತದೆ ಎಂದು ಅದು ಕಾರಣ ಹೇಳಿತು. ಮೊದಲು ಕುಂಭದಲ್ಲಿ ಇರಿಸಬೇಕು, ಅದು ಸಾಲದಾದಾಗ ಗುಂಡಿ ತೋಡಿ ಅದರಲ್ಲಿ ಇರಿಸಬೇಕು, ಅದೂ ಸಾಲದಾದಾಗ ಸಮುದ್ರಕ್ಕೆ ಒಯ್ಯಬೇಕು ಎಂದು ಕ್ರಮವನ್ನೂ ತಿಳಿಸಿತು. ಮುಂದೆ ಬರುವ ಜಲಪ್ರಳಯ, ನೌಕೆ, ಮೀನಿನ ಕೊಂಬಿಗೆ ಕಟ್ಟಿದ ಹಗ್ಗ, ಉತ್ತರದ ಪರ್ವತ ಇವೆಲ್ಲ ಕೇಳಿದವರ ನೆನಪಿನಲ್ಲಿ ಉಳಿಯುತ್ತವೆ. ಮೊದಲಿನ ಆ ಮಡಕೆ ಮಾತ್ರ ಮರೆತುಹೋಗುತ್ತದೆ. ನನ್ನ ಈ ಬರಹ ಆ ಮಡಕೆಯನ್ನು ಕುರಿತದ್ದು.

ಕನ್ನಡ ಪಂಡಿತನಾದವನು ಸ್ಮರಣಸಂಚಿಕೆಗೆ ಹರಿಹರನನ್ನೋ ರಾಘವಾಂಕನನ್ನೋ ಕುರಿತು ಬರೆಯುವುದು ವಾಡಿಕೆ. ಹಿಂದಿನ ಸಂಚಿಕೆಗಳಿಗೆ ನಾನೂ ಹಾಗೆಯೇ ಬರೆದುಕೊಟ್ಟಿದ್ದೇನೆ. ಈ ಸಲ ಸಂಪಾದಕ ಮಿತ್ರರು ವಾಚನಾಲಯದ ಮೀನಿನ ತೊಟ್ಟಿಯ ವಿಷಯವನ್ನೇ ಬರೆಯಬೇಕೆಂದು ಒತ್ತಾಯಪಡಿಸಿದರು. ಶಾಲೆಗೆ ಬರುವ ಹಳೆಯ ವಿದ್ಯಾರ್ಥಿಗಳು ಮುಖ್ಯೋಪಾಧ್ಯಾಯರ ಕೊಠಡಿಗೆ ಹೋಗುವ ಮುನ್ನ ಆ ತೊಟ್ಟಿಯ ಮುಂದೆ ನಿಲ್ಲುವುದುಂಟು. ದಾನಿಗಳಲ್ಲಿ ಕೆಲವರು "ಏನು ಪಂಡಿತರೇ, ವ್ಯಾಕರಣ ಬಿಟ್ಟು ಮೀನು ಹಿಡಿದಿರಾ?" ಎಂದು ವಿನೋದ ಮಾಡುವುದೂ ಉಂಟು. ಅವರೆಲ್ಲರಿಗೂ ಒಂದೆಡೆ ಉತ್ತರ ಹೇಳಿದಂತಾಗಲಿ ಎಂದು ಒಪ್ಪಿಕೊಂಡೆ.

ಮೀನುಗಳ ಹೆಸರು ನನಗೆ ಮೀನುಗಳಿಗಿಂತ ಮೊದಲು ಪರಿಚಯವಾದವು. ಪಾಠಶಾಲೆಯಲ್ಲಿ ಅಮರಕೋಶದ ವಾರಿವರ್ಗವನ್ನು ಕಂಠಪಾಠ ಮಾಡುವಾಗ ಪೃಥುರೋಮ, ಝಷ, ವೈಸಾರಿಣ, ಅಂಡಜ, ವಿಸಾರ, ಶಕುಲೀ ಎಂಬ ಪರ್ಯಾಯಪದಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದೆವು. ರೆಪ್ಪೆ ಇಲ್ಲದ ಕಾರಣ ಮೀನು ದೇವತೆಗಳಂತೆ ಅನಿಮಿಷವೆಂದೂ, ಮೇಘದೂತದ ಗಂಭೀರಾನದಿಯ ನೋಟಗಳು ಶಫರಗಳ ನೆಗೆತವೇ ಎಂದೂ ಗುರುಗಳು ವಿವರಿಸುತ್ತಿದ್ದರು. ನಮ್ಮೂರು ಅರಕಲಗೂಡು ತಾಲ್ಲೂಕಿನದು. ಕಾವೇರಿಯ ದಡದ ರಾಮನಾಥಪುರ ಅಲ್ಲಿಗೆ ದೂರವೇನಲ್ಲ. ಅಲ್ಲಿಯ ವಹ್ನಿಪುಷ್ಕರಿಣಿಯ ಮೀನುಗಳನ್ನು ಯಾರೂ ಹಿಡಿಯಬಾರದೆಂಬ ಕಟ್ಟು ಇದೆ. ದೇವರ ದರ್ಶನಕ್ಕೆ ಬಂದವರು ಸೋಪಾನದ ಮೇಲೆ ನಿಂತು ಪುರಿ ಎರಚಿದರೆ ತೋಳುದ್ದದ ಮೀನುಗಳು ಒಂದರ ಮೇಲೊಂದು ಏರಿ ಬರುತ್ತವೆ. ಆದರೆ ಅವುಗಳ ಸಂದಿಯಲ್ಲಿ ಕಿರುಬೆರಳಿನಷ್ಟು ಉದ್ದದ ಮೀನುಗಳೂ ಇದ್ದವೆಂಬುದನ್ನು ನನಗೆ ತೋರಿಸಿದವನು ಬೆಸ್ತರ ಮನೆಯ ನನ್ನ ಸಹಪಾಠಿ. ಪಕ್ಕೆ ಯಾವುದು, ಗೆಂಡೆ ಯಾವುದು, ಕೊರವ ಯಾವುದು ಎಂದು ಅವನು ನೀರಿನೊಳಗೇ ಗುರುತಿಸಿ ಹೇಳುತ್ತಿದ್ದ. ನಾನು ಕೋಶದಿಂದ ಕಲಿತದ್ದನ್ನು ಅವನು ಹೊಳೆಯಿಂದ ಕಲಿತಿದ್ದ.

ಬಹುಕಾಲದ ಮೇಲೆ ಹಾಸನದ ಪೇಟೆಯಿಂದ ಗಾಜಿನ ಜಾಡಿಯಲ್ಲಿ ನಾಲ್ಕು ಮೀನುಗಳನ್ನು ಮನೆಗೆ ತಂದಾಗ, ತಾಯಿಯವರು ಪೂಜೆಯ ಕೋಣೆಯಿಂದ ಹೊರಬಂದು ನೋಡಿದರು. "ಏನಪ್ಪಾ ಇದು? ಲಿಂಗಪೂಜೆ ಮಾಡೋ ಮನೇಲಿ ಮೀನೇ?" ಎಂದರು. "ಅವ್ವಾ, ರಾಮನಾಥಪುರದಲ್ಲಿ ನೀನು ಪುರಿ ಹಾಕ್ತಿದ್ದೆಯಲ್ಲ, ಅದರ ಬಳಗವೇ ಇದು" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ ಮಾತು ಇದು: "ಅದು ಹೊಳೆ ಮೀನು, ದೇವರದು. ಇದು ನಿನ್ನ ಮೀನು. ಉಪವಾಸ ಕೆಡವಿದರೆ ಪಾಪವೂ ನಿನ್ನದೇ." ಮೀನು ಸಾಕುವ ಶಾಸ್ತ್ರವನ್ನು ಹೇಳುವ ಪುಸ್ತಕಗಳನ್ನು ಆಮೇಲೆ ಅನೇಕ ಓದಿದೆ. ಇದಕ್ಕಿಂತ ಮುಖ್ಯವಾದ ವಾಕ್ಯ ಯಾವುದರಲ್ಲಿಯೂ ಸಿಗಲಿಲ್ಲ.

ಮೀನನ್ನು ಸಾಕುವುದೆಂದರೆ ವಾಸ್ತವವಾಗಿ ನೀರನ್ನು ಸಾಕುವುದು. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬಾತ ಗಾಜಿನ ಪಾತ್ರೆಯೊಂದರಲ್ಲಿ ಎರಡು ಚಿನ್ನದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ಜಲಸಸ್ಯವನ್ನೂ ಇರಿಸಿ, ಕೊಳೆತ ಎಲೆಗಳನ್ನು ತಿನ್ನಲು ಬಸವನಹುಳುಗಳನ್ನು ಸೇರಿಸಿ, ಇವು ಪರಸ್ಪರ ಪೋಷಣೆಯಿಂದ ಬಹುಕಾಲ ಬಾಳಬಲ್ಲವೆಂದು ತೋರಿಸಿಕೊಟ್ಟ. ಮೂರು ವರ್ಷಗಳ ಬಳಿಕ, 1853ರಲ್ಲಿ, ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನುಗಳ ಮನೆ ತೆರೆಯಿತು. ವಾರಿಂಗ್ಟನ್ನನಿಗೆ ತಿಳಿಯದಿದ್ದ ಒಂದು ಅಂಶ ಇಂದು ನಮಗೆ ತಿಳಿದಿದೆ. ಮೀನಿನ ಮಲದಿಂದಲೂ ಕಿವಿರುಗಳಿಂದಲೂ ನೀರಿಗೆ ಸೇರುವ ಅಮೋನಿಯ ವಿಷ. ಮರಳಿನಲ್ಲಿಯೂ ಎಲೆಯ ಮೇಲೆಯೂ ನೆಲೆಸುವ ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಅದೂ ವಿಷವೇ. ಮತ್ತೊಂದು ಬಗೆಯವು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಅದರಿಂದ ಮೀನಿಗೆ ಅಷ್ಟು ಬಾಧೆಯಿಲ್ಲ, ಗಿಡಕ್ಕೆ ಅದೇ ಗೊಬ್ಬರ. ಈ ಅಗೋಚರ ಪರಿಜನರು ಸಾಕಷ್ಟು ಸಂಖ್ಯೆಯಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಆದಕಾರಣ ಹೊಸ ತೊಟ್ಟಿಯನ್ನು ತಂದ ದಿನವೇ ಅದರ ತುಂಬ ಮೀನು ಬಿಡಬಾರದು. ಹೊಸ ಮನೆಯ ಗೋಡೆ ಆರುವ ಮೊದಲೇ ಸಂಸಾರ ಹೂಡಬಾರದೆಂದು ಹಿರಿಯರು ಹೇಳುವಂತೆ ಇದೂ ಒಂದು ನಿಯಮ.

ವಾಚನಾಲಯದ ಉತ್ತರದ ಕಿಟಕಿಯ ಬಳಿ ಇರುವ ಮೂರಡಿ ಉದ್ದದ ತೊಟ್ಟಿಯನ್ನು ಹಳೆಯ ವಿದ್ಯಾರ್ಥಿಯೊಬ್ಬರು ಕೊಟ್ಟರು. ಅದಕ್ಕೆ ಯಾವ ನೀರು ಎಂಬ ಪ್ರಶ್ನೆ ಬಂದಾಗ, ದಸರಾ ರಜೆಗೆ ಹೋದ ವಿದ್ಯಾರ್ಥಿನಿಲಯದ ಹುಡುಗರಿಗೆ ತಮ್ಮ ತಮ್ಮ ಊರಿನ ನೀರನ್ನು ಒಂದೊಂದು ಶೀಶೆ ತರಲು ಹೇಳಿದೆವು. ಹೊಳೆನರಸೀಪುರದವನು ಹೇಮಾವತಿಯ ನೀರನ್ನು ತಂದ. ಚನ್ನರಾಯಪಟ್ಟಣದ ಕಡೆಯವನು ತೆಂಗಿನ ತೋಟದ ಕೊಳವೆಬಾವಿಯ ನೀರನ್ನು ತಂದ. ಅರಕಲಗೂಡಿನವನು ಹೆಂಚಿನಿಂದ ಸುರಿದ ಮಳೆಯ ನೀರನ್ನು ಹಿಡಿದು ತಂದ. ಹಾಸನದವನದು ನಲ್ಲಿಯ ನೀರು. ವಿಜ್ಞಾನದ ಮೇಷ್ಟ್ರು ನಾಲ್ಕಕ್ಕೂ ಸಮವಾಗಿ ಸಾಬೂನು ಕದಡಿಸಿ ಕುಲುಕಿಸಿದರು. ಮಳೆಯ ನೀರು ನೊರೆನೊರೆಯಾಯಿತು, ಹೊಳೆಯ ನೀರು ಅದರ ಹಿಂದೆಯೇ ಬಂದಿತು, ಕೊಳವೆಬಾವಿಯದು ನೊರೆಯಿಲ್ಲದೆ ಬೆಳ್ಳಗೆ ಒಡೆದು ನಿಂತಿತು. ನಲ್ಲಿಯ ನೀರಿನಲ್ಲಿ ಕ್ಲೋರಿನ್ನಿನ ವಾಸನೆ ಇತ್ತು. ಅದನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟ ಮೇಲೆಯೇ ಬಳಸತಕ್ಕದ್ದು. ಒಂದೇ ಜಿಲ್ಲೆಯ ನೀರುಗಳಲ್ಲಿ ಇಷ್ಟು ಭೇದ ಇರುವುದನ್ನು ಕಂಡು ಹುಡುಗರು ಬೆರಗಾದರು. ಗಡಸು ನೀರು ಗಪ್ಪಿಗೆ ಒಗ್ಗುತ್ತದೆ, ಮೆದುನೀರನ್ನು ಬಯಸುವ ಮೀನುಗಳು ಬೇರೆ. ಊರಿನ ನೀರನ್ನು ನೋಡಿ ಮೀನನ್ನು ಆರಿಸಿಕೊಳ್ಳುವುದೇ ಜಾಣತನ.

ತಳಕ್ಕೆ ಚೆನ್ನಾಗಿ ತೊಳೆದ ಹೊಳೆಯ ಮರಳನ್ನು ಮೂರು ಬೆರಳು ದಪ್ಪಕ್ಕೆ ಹಾಸಿ ಗಿಡ ನೆಟ್ಟೆವು. ಪಟ್ಟಿಯಂಥ ಉದ್ದ ಎಲೆಯ ವ್ಯಾಲಿಸ್ನೇರಿಯ, ನಮ್ಮ ಕೆರೆಗಳಲ್ಲಿ ಧಾರಾಳವಾಗಿರುವ ಹೈಡ್ರಿಲ್ಲ, ನರಿಯ ಬಾಲದಂತೆ ಪೊದೆಯಾಗುವ ಸೆರಟೋಫಿಲ್ಲಮ್ ಇವು ಮೂರು. ಕಾವ್ಯಗಳಲ್ಲಿ ಶೈವಲವೆಂದೂ ಹಳಗನ್ನಡದಲ್ಲಿ ಹಾವಸೆಯೆಂದೂ ಬರುವ ಪಾಚಿ ಕರೆಯದೆಯೇ ಬರುತ್ತದೆ. ಬೆಳಕು ದಿನಕ್ಕೆ ಎಂಟು ಹತ್ತು ಗಂಟೆಗಿಂತ ಹೆಚ್ಚಾದರೆ ಅದೇ ಗಾಜನ್ನೆಲ್ಲ ಆಕ್ರಮಿಸುತ್ತದೆ. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಮಾಗಿಯ ಬೆಳಗಿನಲ್ಲಿ ನೀರು ತುಂಬ ತಣ್ಣಗಾಗುತ್ತದೆ. ಆಗ ವಿದ್ಯುತ್ತಿನ ಹೀಟರ್ ಅವಶ್ಯ.

ನಾವು ಮೊದಲು ತಂದ ಮೀನು ಮೈಯುದ್ದಕ್ಕೂ ನೀಲಿ ಗೆರೆಗಳಿರುವ ಡೇನಿಯೊ. ಜೀಬ್ರಾ ಮೀನೆಂದು ಅಂಗಡಿಯವರು ಕರೆಯುತ್ತಾರೆ. ಇದು ಪರದೇಶದ್ದಲ್ಲ, ಭಾರತದ ಹಳ್ಳಕೊಳ್ಳಗಳದೇ. ಇದನ್ನು 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ತನ್ನ ಗ್ರಂಥದಲ್ಲಿ ಮೊದಲು ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪುವಿನ ಪತನಾನಂತರ 1800-01ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಬೇಸಾಯ, ಕುಲಕಸುಬು, ಮಣ್ಣುಗಳ ವಿವರವನ್ನು ಬರೆದಿಟ್ಟ ಬುಕಾನನ್ ಈತನೇ. ನಮ್ಮ ಚರಿತ್ರೆಯ ಅಧ್ಯಾಪಕರು ಬುಕಾನನ್ನನ ಪಾಠ ಮಾಡುವಾಗ ಈಗ ತರಗತಿಯನ್ನು ತೊಟ್ಟಿಯ ಬಳಿಗೆ ಕರೆತರುತ್ತಾರೆ. ಅಂಗುಲ ಒಂದೂವರೆಯ ಈ ಪ್ರಾಣಿ ಇಂದು ಜಗತ್ತಿನ ಪ್ರಯೋಗಶಾಲೆಗಳಲ್ಲಿ, ಬೆಂಗಳೂರಿನ ಸಂಶೋಧನಾಲಯಗಳಲ್ಲಿಯೂ, ಮಾನ್ಯ ಅತಿಥಿ. ಮನುಷ್ಯನ ಜೀನುಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತರಷ್ಟಕ್ಕೆ ಸಮಾನವಾದವು ಇದರಲ್ಲಿಯೂ ಇವೆಯೆಂದು 2013ರಲ್ಲಿ ಪ್ರಕಟವಾಯಿತು.

ಡೇನಿಯೊ ಮೊಟ್ಟೆಯಿಡುವುದು ಬೆಳಗಿನ ಮೊದಲ ಬೆಳಕಿಗೆ. ಗಂಡು ತೆಳುವಾಗಿ ಹೊನ್ನಿನ ಛಾಯೆಯಿಂದ ಕೂಡಿರುತ್ತದೆ, ಹೆಣ್ಣು ಬೆಳ್ಳಗೆ ಹೊಟ್ಟೆ ದುಂಡಗೆ ಇರುತ್ತದೆ. ಕೆಲವು ದಿನ ಅವನ್ನು ಬೇರೆ ಬೇರೆ ಇರಿಸಿ, ಒಳ್ಳೆಯ ಆಹಾರ ಕೊಟ್ಟು, ಒಂದು ಸಂಜೆ ಗೇಣುದ್ದ ನೀರಿನ ಪುಟ್ಟ ತೊಟ್ಟಿಗೆ ಬಿಡಬೇಕು. ಮರುದಿನ ಬೆಳಗ್ಗೆ ಹೆಣ್ಣು ನೂರಕ್ಕೂ ಮಿಕ್ಕಿ ಮೊಟ್ಟೆ ಚೆಲ್ಲುತ್ತದೆ. ಚೆಲ್ಲಿದ ಮರುಕ್ಷಣ ತಾಯಿತಂದೆಗಳೇ ಹಿಂದಿರುಗಿ ಅವನ್ನು ಹುಡುಕಿ ತಿನ್ನತೊಡಗುತ್ತವೆ! ಇದಕ್ಕೆ ಪರಿಹಾರವಾಗಿ ತಳದಲ್ಲಿ ಗೋಲಿಗಳನ್ನು ಎರಡು ಸಾಲು ಹರಡುವುದು ರೂಢಿ. ಒಂದು ಮಿಲಿಮೀಟರಿಗೂ ಕಡಿಮೆ ಗಾತ್ರದ ಮೊಟ್ಟೆಗಳು ಗೋಲಿಗಳ ಸಂದಿಗೆ ಇಳಿದು ಪಾರಾಗುತ್ತವೆ. ಹುಡುಗರು ತಮ್ಮ ಜೇಬಿನ ಗೋಲಿಗಳನ್ನು ತಾವಾಗಿಯೇ ತಂದು ಸುರಿದರು. ಪ್ರಾರ್ಥನೆಯ ಗಂಟೆಗೆ ಮುನ್ನ ಎದ್ದು ಬಂದು, ಭೂತಗನ್ನಡಿಯಲ್ಲಿ ಆ ಸ್ಫಟಿಕದ ಕಣಗಳನ್ನು ನೋಡಿದರು. ಸುಮಾರು ಒಂದು ದಿನಕ್ಕೆ ಅದರೊಳಗೆ ಹೃದಯ ಮಿಡಿಯುವುದು ಕಾಣುತ್ತದೆ. ಎರಡು ಮೂರು ದಿನಕ್ಕೆ ಮರಿ ಹೊರಬಂದು ಗಾಜಿಗೆ ಅಂಟಿಕೊಳ್ಳುತ್ತದೆ, ಐದನೆಯ ದಿನದ ಸುಮಾರಿಗೆ ಈಜುತ್ತದೆ. ಅದರ ಬಾಯಿಗೆ ಹಿಡಿಯುವ ಆಹಾರ ಕಣ್ಣಿಗೆ ಕಾಣುವಂಥದಲ್ಲ. ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಕೊಡುವವರುಂಟು. ನಮ್ಮಲ್ಲಿ ಅದು ಸಲ್ಲದು. ಒಣಹುಲ್ಲನ್ನು ಕೆಲವು ದಿನ ನೆನೆಸಿಟ್ಟ ನೀರಿನಲ್ಲಿ ಹುಟ್ಟುವ ಸೂಕ್ಷ್ಮಜೀವಿಗಳನ್ನು ತೊಟ್ಟು ತೊಟ್ಟಾಗಿ ಕೊಡುತ್ತೇವೆ. ಹಾಗಾದರೆ ಅದು ಹಿಂಸೆಯಲ್ಲವೇ ಎಂದು ಕೇಳಿದರೆ, ವ್ರತ ನಮ್ಮದು, ಮೀನಿಗೆ ವ್ರತವಿಲ್ಲ ಎಂದಷ್ಟೇ ಹೇಳಬಲ್ಲೆ.

ಎರಡನೆಯ ವರ್ಷ ಗಪ್ಪಿಗಳು ಬಂದವು. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಆರೋಗ್ಯ ಇಲಾಖೆಯವರು ತೊಟ್ಟಿ ಬಾವಿಗಳಿಗೆ ಬಿಡುವ ಮೀನೇ ಇದು, ಮೂಲತಃ ದಕ್ಷಿಣ ಅಮೆರಿಕದ್ದು. ಹೆಣ್ಣು ಸುಮಾರು ನಾಲ್ಕು ವಾರಕ್ಕೊಮ್ಮೆ ಈಜುವ ಮರಿಗಳನ್ನೇ ಹೆರುತ್ತದೆ. ಅದನ್ನು ಕಂಡ ಎಂಟನೆಯ ತರಗತಿಯ ಹುಡುಗ ನೇರವಾಗಿ ನನ್ನ ಬಳಿಗೆ ಬಂದು, "ಗುರುಗಳೇ, ಮೀನಿಗೆ ಅಂಡಜ ಅಂತ ಹೆಸರು ಅಂದಿರಿ. ಇದು ಮರಿ ಹಾಕಿತಲ್ಲ?" ಎಂದ. ಕೋಶಕಾರನ ಪರವಾಗಿ ವಾದಿಸುವುದು ನನ್ನ ಧರ್ಮವಾಯಿತು. ಗಪ್ಪಿಯಲ್ಲಿಯೂ ಮೊಟ್ಟೆಯುಂಟು. ಅದು ತಾಯಿಯ ಒಡಲಿನಲ್ಲಿಯೇ ಬಲಿತು ಅಲ್ಲಿಯೇ ಒಡೆಯುತ್ತದೆ. ಅಮರಸಿಂಹನ ಮಾತಿಗೆ ಭಂಗವಿಲ್ಲ. ಹುಡುಗನಿಗೆ ಸಮಾಧಾನವಾಯಿತು. ಮೂವತ್ತು ವರ್ಷ ಆ ಪದವನ್ನು ಬೋಧಿಸಿದ ನನಗೆ ಅದರ ಅರ್ಥ ಕಣ್ಣಿಗೆ ಕಂಡದ್ದು ಅಂದೇ.

ಗಪ್ಪಿಯೂ ತನ್ನ ಮರಿಗಳನ್ನು ತಿನ್ನುತ್ತದೆ. ಇಲ್ಲಿ ನಾನು ಮುಖ್ಯವಾದ ವಿಷಯಕ್ಕೆ ಬಂದೆ. ಬಲಿಷ್ಠನು ದುರ್ಬಲನನ್ನು ನುಂಗುವ ಅರಾಜಕಸ್ಥಿತಿಗೆ ನಮ್ಮ ಪ್ರಾಚೀನರು ಮತ್ಸ್ಯನ್ಯಾಯವೆಂದು ಹೆಸರಿಟ್ಟರು. ಅದರಿಂದ ನೊಂದ ಪ್ರಜೆಗಳು ವೈವಸ್ವತ ಮನುವನ್ನು ರಾಜನನ್ನಾಗಿ ಮಾಡಿಕೊಂಡರೆಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ಕೌಟಿಲ್ಯನ ಮತದಲ್ಲಿ ಮತ್ಸ್ಯನ್ಯಾಯಕ್ಕೆ ಪರಿಹಾರ ದಂಡ. ತೊಟ್ಟಿಯ ಮುಂದೆ ಕುಳಿತವನಿಗೆ ಈ ಪರಿಹಾರ ನಿರುಪಯೋಗಿ. ಮರಿಯನ್ನು ನುಂಗಿದ ಗಪ್ಪಿಗೆ ಯಾವ ದಂಡ ವಿಧಿಸುವುದು? ಅದಕ್ಕೆ ಅಪರಾಧವೆಂಬುದೇ ತಿಳಿಯದು. ಮಾಡಬಹುದಾದದ್ದು ಒಂದೇ, ಗಿಡ ಬೆಳೆಸುವುದು. ಬರಿಯ ತೊಟ್ಟಿಯಲ್ಲಿ ಹುಟ್ಟಿದ ಮರಿಗಳಲ್ಲಿ ಒಂದೆರಡು ಉಳಿದರೆ ಹೆಚ್ಚು. ಅದೇ ತಾಯಿ ದಟ್ಟವಾದ ಹಸುರಿನ ತೊಟ್ಟಿಯಲ್ಲಿ ಮರಿಹಾಕಿದಾಗ ಹತ್ತು ಹನ್ನೆರಡು ಉಳಿದದ್ದನ್ನು ನಾವು ಎಣಿಸಿದ್ದೇವೆ. ದೊಡ್ಡ ಮೀನಿನ ಸ್ವಭಾವ ಬದಲಾಗಲಿಲ್ಲ. ಸಣ್ಣದಕ್ಕೆ ಮರೆ ದೊರೆಯಿತು, ಆ ಮರೆಯಲ್ಲಿ ಬೆಳೆಯಲು ಮೂರು ವಾರ ಕಾಲ ದೊರೆಯಿತು, ಅಷ್ಟೇ.

ಈ ಮಾತನ್ನು ಇಲ್ಲಿ ಬರೆಯಲು ಒಂದು ಕಾರಣವಿದೆ. ಐದನೆಯ ತರಗತಿಗೆ ಹೊಸದಾಗಿ ಸೇರಿದ ಚನ್ನರಾಯಪಟ್ಟಣದ ಕಡೆಯ ಮಗುವೊಂದು ಸಂಜೆಯ ಆಟದ ಹೊತ್ತಿನಲ್ಲಿ ಪ್ರತಿದಿನವೂ ತೊಟ್ಟಿಯ ಬಳಿ ಬಂದು ಕೂರುತ್ತಿತ್ತು. ಮೀನಿನ ಮೇಲಿನ ಪ್ರೀತಿಯೆಂದು ನಾವೆಲ್ಲ ಭಾವಿಸಿದ್ದೆವು. ಒಂದು ದಿನ ಅವನು ಬೆರಳಿಟ್ಟು ತೋರಿಸಿ, "ಸಾರ್, ಈ ಮರಿ ದೊಡ್ಡವು ಮಲಗಿದ ಮೇಲೆ ಹೊರಗೆ ಬರ್ತದೆ" ಎಂದ. ಆ ಧ್ವನಿಯಲ್ಲಿ ಏನೋ ಇತ್ತು. ವಿಚಾರಿಸಲಾಗಿ, ನಿಲಯದ ದೊಡ್ಡ ಹುಡುಗರಲ್ಲಿ ಕೆಲವರು ಚಿಕ್ಕವರಿಂದ ಬಟ್ಟೆ ಒಗೆಸುವುದು, ಊರಿನಿಂದ ಬಂದ ಚಕ್ಕುಲಿ ಕೋಡುಬಳೆ ಕಿತ್ತುಕೊಳ್ಳುವುದು ತಿಳಿದುಬಂದಿತು. ಮನುಷ್ಯಮಕ್ಕಳಿಗೆ ಅಪರಾಧವೆಂಬುದು ತಿಳಿಯುತ್ತದೆ. ಆದ್ದರಿಂದ ಅಲ್ಲಿ ಕೌಟಿಲ್ಯನೂ ಬೇಕಾದ. ಆದರೆ ಶಿಕ್ಷೆಯ ಬಿಸಿ ಆರಿದ ಮೇಲೆ ಉಳಿದು ಬರುವುದು ವ್ಯವಸ್ಥೆ. ಐದು ಮತ್ತು ಆರನೆಯ ತರಗತಿಯವರಿಗೆ ನಿಲಯಪಾಲಕರ ಕೊಠಡಿಗೆ ಹೊಂದಿಕೊಂಡ ಕೋಣೆಗಳನ್ನು ಕೊಡಲಾಯಿತು, ಅವರ ಸ್ನಾನ ಊಟಗಳ ಸಮಯವನ್ನು ಬೇರೆ ಮಾಡಲಾಯಿತು, ವಾಚನಾಲಯವನ್ನು ರಾತ್ರಿ ಎಂಟರವರೆಗೆ ತೆರೆದಿಡಲಾಯಿತು. ಆ ಮಗು ಈಗ ಹತ್ತನೆಯ ತರಗತಿಯಲ್ಲಿದೆ. ತೊಟ್ಟಿಯ ಕಡೆಗೆ ಈಚೆಗೆ ಬರುವುದೇ ಅಪರೂಪ. ಚೆಂಡಾಟದಲ್ಲಿರುತ್ತದೆ. ಇದಕ್ಕಿಂತ ಹೆಚ್ಚಿನ ಸಂತೋಷ ನನಗೆ ಬೇರೊಂದಿಲ್ಲ.

ಶ್ರೀಮಠಕ್ಕೆ ಬಂದಿದ್ದ ಹಿರಿಯರೊಬ್ಬರು ಒಮ್ಮೆ, "ಪಂಡಿತರೇ, ಜೀವಿಯನ್ನು ಗಾಜಿನಲ್ಲಿ ಸೆರೆಯಿಡುವುದು ದಯೆಯೇ?" ಎಂದು ಕೇಳಿದರು. ಪ್ರಶ್ನೆ ಲಘುವಾದದ್ದಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವಿದೆ. ಮೀನುಗಳ ಜಾತಿಗಳನ್ನೂ ಅವುಗಳ ಮೇವನ್ನೂ ಅರಸನು ಬಲು ಸೂಕ್ಷ್ಮವಾಗಿ ಬಲ್ಲ. ಆದರೆ ಆ ಬಲ್ಮೆಯೆಲ್ಲ ಕೊನೆಗೆ ಗಾಳದ ತುದಿಗೆ ಬಂದು ನಿಲ್ಲುತ್ತದೆ. ನಮ್ಮ ಕಾಲದ ವಿನೋದವೂ ಪೂರ್ತಿ ನಿರ್ದೋಷಿಯಲ್ಲ. ಪಶ್ಚಿಮಘಟ್ಟದ ಹೊಳೆಗಳ ಡೆನಿಸನ್ ಬಾರ್ಬ್ ಎಂಬ ಕೆಂಪು ಪಟ್ಟೆಯ ಮೀನು, ಪರದೇಶದ ತೊಟ್ಟಿಗಳಿಗಾಗಿ ಹೊಳೆಯಿಂದಲೇ ಹಿಡಿದು ಸಾಗಿಸಿದ್ದರಿಂದ ಕ್ಷೀಣಿಸಿ, ಅಳಿವಿನಂಚಿನ ಪಟ್ಟಿಗೆ ಸೇರಿತು. ಆದ್ದರಿಂದಲೇ ಹೊಳೆಯಿಂದ ಹಿಡಿದ ಮೀನನ್ನು ಕೊಳ್ಳದೆ, ತೊಟ್ಟಿಯಲ್ಲಿ ಹುಟ್ಟಿದ ಮೀನಿನಿಂದ ಮರಿಮಾಡಿಸುವುದು ನನಗೆ ಸಮ್ಮತವಾದ ಮಾರ್ಗ. ಹಿರಿಯರಿಗೆ ಇಷ್ಟನ್ನೇ ಅರಿಕೆ ಮಾಡಿದೆ. ಅವರು ಒಪ್ಪಿದರೆಂದು ಹೇಳಲಾರೆ. ಆದರೆ ಹೊರಡುವ ಮುನ್ನ ತೊಟ್ಟಿಯ ಬಳಿ ಬಹಳ ಹೊತ್ತು ನಿಂತಿದ್ದರು.

ದಯೆಯ ಪ್ರಶ್ನೆಯೇ ಬೇರೊಂದು ರೂಪದಲ್ಲಿ ಕಳೆದ ಏಪ್ರಿಲಿನಲ್ಲಿ ಎದುರಾಯಿತು. ಬೇಸಗೆಯ ರಜೆಗೆ ನಿಲಯ ಮುಚ್ಚುವುದರಲ್ಲಿತ್ತು. ಗಪ್ಪಿಗಳ ಸಂ­ಖ್ಯೆ ಇನ್ನೂರನ್ನು ಮೀರಿತ್ತು. ಹುಡುಗರು ಕೂಡಿ ಮಾತಾಡಿಕೊಂಡು, ಅವನ್ನು ಬಿಂದಿಗೆಗಳಲ್ಲಿ ಒಯ್ದು ಹೊಳೆನರಸೀಪುರದಲ್ಲಿ ಹೇಮಾವತಿಗೆ ಬಿಟ್ಟುಬಿಡುತ್ತೇವೆ ಎಂದು ಅಪ್ಪಣೆ ಕೇಳಿದರು. ಮನುವಿನ ಕಥೆಯ ಮೂರನೆಯ ಹಂತವನ್ನು ಅವರಿಗೆ ಪಾಠ ಹೇಳಿದವನು ನಾನೇ! ಆದರೂ ಬೇಡವೆಂದೆ. ಮನು ಬಿಟ್ಟದ್ದು ನೀರು ಕೊಟ್ಟ ಮೀನನ್ನು ನೀರಿಗೆ. ಇದು ಅನ್ಯದೇಶದ ಮೀನು. ಸೊಳ್ಳೆಯ ನಿಗ್ರಹಕ್ಕೆಂದು 1928ರಲ್ಲಿ ಭಾರತಕ್ಕೆ ತಂದ ಗ್ಯಾಂಬೂಸಿಯ ಈಗ ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ನಾವು ಜಿಲೇಬಿ ಎಂದು ಕರೆಯುವ ತಿಲಾಪಿಯ 1952ರಲ್ಲಿ ಬಂದು ದೇಶದ ಕೆರೆಗಳನ್ನೆಲ್ಲ ವ್ಯಾಪಿಸಿತು. ಗಾಜಿನ ಪಾಚಿಯನ್ನು ನೆಕ್ಕುವ ಸಕ್ಕರ್ ಮೀನನ್ನು ಕರುಣೆಯಿಂದಲೋ ಬೇಸರದಿಂದಲೋ ಜನ ಕೆರೆಗೆ ಬಿಟ್ಟರು. ಅದೀಗ ಬೆಸ್ತರ ಬಲೆಗಳನ್ನು ಹರಿಯುತ್ತಿದೆ. ಕಾವೇರಿಯ ಜಲಾನಯನದಲ್ಲಿ ಮಾತ್ರ ಇರುವ, 1849ರಲ್ಲಿ ಜೆರ್ಡನ್ ವರ್ಣಿಸಿದ ಅರುಲಿಯಸ್ ಎಂಬ ಚೆಲುವಾದ ಪಕ್ಕೆಯಂಥ ಮೀನುಗಳಿಗೆ ಈಗಾಗಲೇ ಕಂಟಕಗಳು ಸಾಲದೇ?

ಒಬ್ಬ ಹುಡುಗ ಬಿಡಲಿಲ್ಲ. "ಹಾಗಾದರೆ ಇವು ಯಾವಾಗಲೂ ಇಲ್ಲೇ ಇರಬೇಕಾ, ಗುರುಗಳೇ?" ಎಂದ. ಹೌದೆಂದೆ. ನಾವು ಹುಟ್ಟಿಸಿದ ಜೀವಕ್ಕೆ ನಾವೇ ಹೊಣೆ. ಬಿಟ್ಟುಬಿಡುವುದು ಸುಲಭ, ಇಟ್ಟುಕೊಂಡು ನಡೆಸುವುದು ಕಷ್ಟ. ಆ ಕಷ್ಟವೇ ಇಲ್ಲಿ ದಯೆ. ಆ ರಜೆಯಲ್ಲಿ ಹಾಸನದಲ್ಲಿಯೇ ಮನೆಯಿದ್ದ ಆರು ಹುಡುಗರು ಸರದಿಯ ಮೇಲೆ ದಿನಬಿಟ್ಟು ದಿನ ಬಂದು, ಎರಡು ನಿಮಿಷದಲ್ಲಿ ತಿಂದು ಮುಗಿಯುವಷ್ಟೇ ಆಹಾರ ಹಾಕಿ ಹೋದರು. ಗಂಡು ಹೆಣ್ಣುಗಳನ್ನು ಬೇರ್ಪಡಿಸಿ ಸಂತಾನವನ್ನು ಮಿತಗೊಳಿಸಿದೆವು. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಸರದಿಯ ಪುಸ್ತಕದಲ್ಲಿ ಒಂದು ದಿನದ ಸಹಿಯೂ ತಪ್ಪಿರಲಿಲ್ಲ.

ಸ್ಮರಣಸಂಚಿಕೆಯ ಲೇಖನಗಳು ಸಾಮಾನ್ಯವಾಗಿ ದಾನಿಗಳಲ್ಲಿ ಒಂದು ವಿಜ್ಞಾಪನೆಯಿಂದ ಮುಗಿಯುತ್ತವೆ. ನನ್ನದು ಹಣದ ಬೇಡಿಕೆಯಲ್ಲ. ನಮ್ಮಲ್ಲಿ ಹುಟ್ಟಿ ಬೆಳೆದ ಡೇನಿಯೊ ಮತ್ತು ಗಪ್ಪಿ ಮರಿಗಳು ಸಾಕಷ್ಟಿವೆ. ಹಳೆಯ ವಿದ್ಯಾರ್ಥಿಗಳಾಗಲಿ, ಬೇರೆ ಶಾಲೆಗಳ ಅಧ್ಯಾಪಕ ಬಂಧುಗಳಾಗಲಿ, ಆರು ವಾರ ಮೊದಲೇ ನೀರು ತುಂಬಿ ಗಿಡ ನೆಟ್ಟ ತೊಟ್ಟಿ ಸಿದ್ಧಮಾಡಿಟ್ಟುಕೊಂಡು, ಒಂದು ಜಾಡಿಯೊಡನೆ ಯಾವ ಶನಿವಾರವಾದರೂ ಮಧ್ಯಾಹ್ನ ಬಂದರೆ ಸಂತೋಷದಿಂದ ಕೊಡುತ್ತೇವೆ. ನಿಬಂಧನೆಗಳು ಎರಡು. ಹೊಳೆಗಾಗಲಿ ಕೆರೆಗಾಗಲಿ ಬಿಡಬಾರದು. ತೊಟ್ಟಿಯಲ್ಲಿ ಗಿಡ ದಟ್ಟವಾಗಿರಬೇಕು.